ಲೆವಿಯಾನ್ ಬೆಲ್ ಅವರಿಗೆ ಎಷ್ಟು ಕೊಡಬೇಕಿತ್ತು?

2018ರ ಜುಲೈ ತಿಂಗಳಿನಲ್ಲಿ, ಪಿಟ್ಸ್‌ಬರ್ಗಿನ ನಮ್ಮ ಕಚೇರಿಯ ಊಟದ ಕೋಣೆಯಲ್ಲಿ, ನಾನೂ ನನ್ನ ಹಿರಿಯ ಸಹೋದ್ಯೋಗಿಯೊಬ್ಬರೂ ಒಂದೇ ಚೀಟಿಯ ಎರಡು ಬದಿಗಳಲ್ಲಿ ಎರಡು ಒಪ್ಪಂದಗಳನ್ನು ಬರೆದೆವು. ಎರಡೂ ಒಬ್ಬ ಆಟಗಾರನಿಗಾಗಿ, ಆ ಊರಿನ ಫುಟ್‌ಬಾಲ್ ತಂಡವಾದ ಸ್ಟೀಲರ್ಸ್‌ನ ರನ್ನಿಂಗ್ ಬ್ಯಾಕ್ ಲೆವಿಯಾನ್ ಬೆಲ್ ಅವರಿಗಾಗಿ. ಸಹೋದ್ಯೋಗಿಯ ಒಪ್ಪಂದ ಒಂದೇ ಸಾಲಿನದು: ಈ ವರ್ಷ 1.45 ಕೋಟಿ ಡಾಲರ್ ಕೊಟ್ಟು ಆಡಿಸುವುದು, ಮುಂದಿನ ವರ್ಷ ಹೋಗಲು ಬಿಡುವುದು. ನನ್ನದು ನಾಲ್ಕು ವರ್ಷಕ್ಕೆ 5.6 ಕೋಟಿ ಡಾಲರ್. ಅದರಲ್ಲಿ ಮೊದಲ ಎರಡು ವರ್ಷದ 3 ಕೋಟಿ, ಕಾಲು ಮುರಿದರೂ ಆಟ ಕೆಟ್ಟರೂ ಕೊಡಲೇಬೇಕಾದ ಹಣ. ಆ ಬೇಸಿಗೆಯಲ್ಲಿ ಆ ಊರಿನ ಅಂಗಡಿ, ಬಸ್ಸು, ಕ್ಷೌರದ ಕುರ್ಚಿ ಎಲ್ಲೆಲ್ಲೂ ಜನ ಇದೇ ಲೆಕ್ಕ ಹಾಕುತ್ತಿದ್ದರು. ಆ ಚೀಟಿಯನ್ನು ನಾನು ಎತ್ತಿಟ್ಟುಕೊಂಡೆ, ಅದು ಈಗಲೂ ನನ್ನ ಬಳಿ ಇದೆ.

ಅಮೆರಿಕದ ಫುಟ್‌ಬಾಲ್ ನೋಡದವರಿಗೆ ಬೆಲ್ ಅವರ ಕೆಲಸ ಏನೆಂದು ಮೊದಲು ಹೇಳಬೇಕು. ರನ್ನಿಂಗ್ ಬ್ಯಾಕ್ ಎಂದರೆ ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕಿನ ಕೈಯಿಂದ ಚೆಂಡು ಪಡೆದು, ಎದುರಾಳಿಗಳ ಗೋಡೆಯ ನಡುವೆ ನುಗ್ಗಿ ಓಡುವವನು. ಪ್ರತಿ ಓಟದ ಕೊನೆಯಲ್ಲೂ ನೂರು ಕಿಲೋ ಮೀರಿದ ಒಬ್ಬಿಬ್ಬರು ಅವನ ಮೇಲೆ ಬೀಳುತ್ತಾರೆ. ವೈಡ್ ರಿಸೀವರ್ ಎಂದರೆ ಮೈದಾನದ ಅಂಚಿನಲ್ಲಿ ನಿಂತು, ಓಡುತ್ತಾ ಹೋಗಿ, ಎಸೆದ ಚೆಂಡನ್ನು ಹಿಡಿಯುವವನು. ಬೆಲ್ ಎರಡನ್ನೂ ಮಾಡುತ್ತಿದ್ದರು, ಮತ್ತು ಮೊದಲನೆಯದನ್ನು ಬೇರೆ ಯಾರೂ ಮಾಡದ ರೀತಿಯಲ್ಲಿ ಮಾಡುತ್ತಿದ್ದರು. ಚೆಂಡು ಕೈಗೆ ಬಂದ ಕ್ಷಣ ನುಗ್ಗುವುದೇ ಅಲ್ಲಿನ ಪಾಠ. ಬೆಲ್ ಮಾತ್ರ ಚೆಂಡು ಕೈಗೆ ಬಂದ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದರು. ತಮ್ಮ ಮುಂದಿನ ಕಾವಲಿನವನ ಬೆನ್ನ ಹಿಂದೆ ಹೆಚ್ಚುಕಡಿಮೆ ನಡೆಯುತ್ತಾ, ಎದುರಾಳಿ ಯಾವ ಕಡೆ ವಾಲುತ್ತಾನೆಂದು ನೋಡಿ, ಅವನು ವಾಲಿದ ಮರುಕ್ಷಣ ಇನ್ನೊಂದು ಕಡೆಯ ಸಂದಿನಲ್ಲಿ ಹಾದುಹೋಗುತ್ತಿದ್ದರು. ಆ ನಿಲುಗಡೆಯನ್ನು ಮೈದಾನದಲ್ಲಿ ಕೂತು ನೋಡಿದವರು ಮರೆಯಲಾರರು. ಅರವತ್ತು ಸಾವಿರ ಜನ ಒಟ್ಟಿಗೆ ಉಸಿರು ಹಿಡಿದಂತೆ ಆಗುತ್ತಿತ್ತು.

ಅಂಕಿಗಳೂ ಸಣ್ಣವಲ್ಲ. ಕಾಲೇಜಿನ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2013ರ ಡ್ರಾಫ್ಟ್‌ನಲ್ಲಿ ಎರಡನೇ ಸುತ್ತಿನಲ್ಲಿ, 48ನೆಯವರಾಗಿ ಆಯ್ಕೆಯಾದ ಈ ಆಟಗಾರ ತಮ್ಮ ಎರಡನೇ ವರ್ಷದಲ್ಲೇ 1,361 ಗಜ ಓಡಿ, 83 ಸಲ ಚೆಂಡು ಹಿಡಿದು ಇನ್ನೂ 854 ಗಜ ಸೇರಿಸಿದರು. 2016ರಲ್ಲಿ ಆಡಿದ್ದು ಹನ್ನೆರಡೇ ಪಂದ್ಯ, ಆದರೆ ಓಟ ಮತ್ತು ಹಿಡಿತ ಸೇರಿ ಪಂದ್ಯಕ್ಕೆ 157 ಗಜ. 2017ರಲ್ಲಿ 321 ಓಟ, 85 ಹಿಡಿತ. ಒಂದೇ ಋತುವಿನಲ್ಲಿ 406 ಸಲ ಅವರ ಕೈಗೆ ಚೆಂಡು ಬಂತು, ಅಷ್ಟೂ ಸಲ ಯಾರೋ ಒಬ್ಬರು ಅವರನ್ನು ಕೆಡವಲು ಬಂದರು. 2013ರಿಂದ 2016ರವರೆಗಿನ ಮೊದಲ ನಾಲ್ಕು ವರ್ಷದ ಒಪ್ಪಂದದ ಒಟ್ಟು ಮೊತ್ತ 40 ಲಕ್ಷ ಡಾಲರಿನ ಆಸುಪಾಸು. 2011ರ ಕಾರ್ಮಿಕ ಒಪ್ಪಂದ ಹೊಸ ಆಟಗಾರರ ಸಂಬಳವನ್ನು ಡ್ರಾಫ್ಟಿನ ಸ್ಥಾನಕ್ಕೆ ತಕ್ಕಂತೆ ಕಟ್ಟಿಹಾಕಿದ್ದರಿಂದ, ಮೂರು ಋತು ಮುಗಿಯುವ ತನಕ ಹೆಚ್ಚು ಕೇಳುವ ದಾರಿಯೇ ಇರಲಿಲ್ಲ. ರನ್ನಿಂಗ್ ಬ್ಯಾಕಿನ ಅತ್ಯುತ್ತಮ ವರ್ಷಗಳು ಬಹುಪಾಲು ಅದೇ ನಾಲ್ಕು ವರ್ಷದೊಳಗೆ ಮುಗಿದುಹೋಗುತ್ತವೆ. ಕ್ವಾರ್ಟರ್‌ಬ್ಯಾಕ್ ಮೂವತ್ತೈದರಲ್ಲೂ ಕಾಯಬಲ್ಲ, ಇವನಿಗೆ ಇಪ್ಪತ್ತೆಂಟಕ್ಕೇ ಸಂಜೆ.

ನಾಲ್ಕು ವರ್ಷ ಮುಗಿದ ಮೇಲೆ ಬಂದದ್ದು ಫ್ರಾಂಚೈಸ್ ಟ್ಯಾಗ್. ಬಿಡುಗಡೆಯಾಗಬೇಕಾದ ಒಬ್ಬ ಆಟಗಾರನನ್ನು ತಂಡವು ಒಂದು ವರ್ಷದ ಮಟ್ಟಿಗೆ ತನ್ನಲ್ಲೇ ಉಳಿಸಿಕೊಳ್ಳುವ ಹಕ್ಕು ಅದು. ಅದಕ್ಕೆ ಕೊಡಬೇಕಾದ ಬೆಲೆಯನ್ನು ಆ ಆಟಗಾರನ ಆಟ ನಿರ್ಧರಿಸುವುದಿಲ್ಲ. ಅವನ ಸ್ಥಾನದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಐವರ ಸರಾಸರಿ ನಿರ್ಧರಿಸುತ್ತದೆ. 2018ರಲ್ಲಿ ರನ್ನಿಂಗ್ ಬ್ಯಾಕ್ ಟ್ಯಾಗ್ ಸುಮಾರು 1.19 ಕೋಟಿ ಡಾಲರ್, ವೈಡ್ ರಿಸೀವರ್ ಟ್ಯಾಗ್ ಸುಮಾರು 1.6 ಕೋಟಿ. ಬೆಲ್ ಅವರಿಗೆ 2017ರಲ್ಲಿ 1.212 ಕೋಟಿಯ ಟ್ಯಾಗ್ ಬಿದ್ದಿತ್ತು; ಎರಡನೇ ಸಲ ಹಾಕುವಾಗ ಶೇ. 20 ಏರಿಸಬೇಕೆಂಬ ನಿಯಮದಿಂದ ಅದು 1.4544 ಕೋಟಿಯಾಯಿತು. ಬೆಲ್ ಅವರ ವಾದ ಸರಳವಾಗಿತ್ತು: ನಾನು ಈ ತಂಡದ ಮೊದಲ ರನ್ನಿಂಗ್ ಬ್ಯಾಕ್, ಎರಡನೇ ರಿಸೀವರ್ ಕೂಡ ನಾನೇ, ನನ್ನ ಬೆಲೆಯಲ್ಲಿ ಎರಡೂ ಕಾಣಬೇಕು.

ಈ ವಾದವನ್ನು ಕ್ರಿಕೆಟ್ ನೋಡಿ ಬೆಳೆದ ನಾವು ಕೂಡಲೇ ಒಪ್ಪಿಬಿಡುತ್ತೇವೆ, ಏಕೆಂದರೆ ನಮ್ಮಲ್ಲಿ ಆಲ್‌ರೌಂಡರ್ ಎಂಬ ಹೆಸರೇ ಇದೆ, ಹೆಸರಿದ್ದುದರಿಂದ ಅದಕ್ಕೊಂದು ಬೆಲೆಯೂ ಇದೆ. 2022ರ ಡಿಸೆಂಬರಿನ ಐಪಿಎಲ್ ಹರಾಜಿನಲ್ಲಿ ಸ್ಯಾಮ್ ಕರನ್, ಕ್ಯಾಮರಾನ್ ಗ್ರೀನ್, ಬೆನ್ ಸ್ಟೋಕ್ಸ್ ಹದಿನಾರು ಕೋಟಿ ರೂಪಾಯಿ ದಾಟಿದ್ದು ಆ ಹೆಸರಿನ ಬಲದಿಂದಲೇ. ಅಮೆರಿಕದ ಫುಟ್‌ಬಾಲಿನ ಸಂಬಳದ ಪಟ್ಟಿಯಲ್ಲಿ ಅಂಥ ಕಲಮಿಲ್ಲ. ಅಲ್ಲಿ ಎರಡು ಕೆಲಸ ಮಾಡುವವನು ಯಾವುದಾದರೂ ಒಂದು ಹೆಸರಿನಡಿ ನಿಲ್ಲಲೇಬೇಕು, ಸಾಮಾನ್ಯವಾಗಿ ಕಡಿಮೆ ಬೆಲೆಯ ಹೆಸರಿನಡಿ. 2014ರಲ್ಲಿ ನ್ಯೂ ಓರ್ಲಿಯನ್ಸ್ ತಂಡದ ಜಿಮ್ಮಿ ಗ್ರಹಾಂ ಇದನ್ನು ಪ್ರಶ್ನಿಸಿ ಪಂಚಾಯಿತಿಗೆ ಹೋಗಿದ್ದರು. ಅವರನ್ನು ಟೈಟ್ ಎಂಡ್ (ಮುಂಚೂಣಿಯ ಸಾಲಿನ ಅಂಚಿಗೆ ಒತ್ತಿ ನಿಂತು, ಎದುರಾಳಿಯನ್ನು ತಡೆಯುವ ಮತ್ತು ಚೆಂಡು ಹಿಡಿಯುವ ಎರಡೂ ಕೆಲಸ ಮಾಡುವವನು) ಎಂದು ಟ್ಯಾಗ್ ಮಾಡಿದರೆ ಸುಮಾರು 70 ಲಕ್ಷ ಡಾಲರ್, ವೈಡ್ ರಿಸೀವರ್ ಎಂದರೆ ಸುಮಾರು 1.23 ಕೋಟಿ. ಬಹುಪಾಲು ಆಟಗಳಲ್ಲಿ ತಾನು ರಿಸೀವರ್ ನಿಲ್ಲುವ ಜಾಗದಲ್ಲೇ ನಿಂತಿದ್ದೇನೆಂದು ಅವರು ಲೆಕ್ಕ ಕೊಟ್ಟರು. ಮಧ್ಯಸ್ಥಗಾರರಾದ ಸ್ಟೀಫನ್ ಬರ್ಬ್ಯಾಂಕ್, ಸಾಲಿನ ಅಂಚಿನವನಿಂದ ನಾಲ್ಕು ಗಜದೊಳಗೆ ನಿಂತರೆ ಅದು ಟೈಟ್ ಎಂಡ್ ಜಾಗವೇ ಎಂದು ತೀರ್ಪಿತ್ತರು. ನಾಲ್ಕು ಗಜದ ಅಳತೆಗೆ ಐವತ್ತು ಲಕ್ಷ ಡಾಲರಿಗಿಂತ ಹೆಚ್ಚಿನ ಬೆಲೆ. ಬೆಲ್ ಪ್ರಕರಣವನ್ನು ಈ ತೀರ್ಪಿನ ಜೊತೆಗಿಟ್ಟು ನೋಡಿದರೆ, ಅವರು ದುರಾಸೆಯಿಂದ ಕೇಳಿದರೆನ್ನುವ ಮಾತು ನಿಲ್ಲುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಇಲ್ಲದ ಸಾಲೊಂದನ್ನು ಅವರು ಬರೆಯಹೊರಟಿದ್ದರು.

ಆದರೂ ಅಭಿಮಾನಿಗಳು ಅವರ ವಿರುದ್ಧ ಹೇಳಿದ್ದೆಲ್ಲವೂ ತಳ್ಳಿಹಾಕುವಂಥದ್ದಲ್ಲ. ನನಗೆ ಉತ್ತರಿಸಲು ಕಷ್ಟವಾದ ಆಕ್ಷೇಪ ಒಂದಿತ್ತು, ಅದನ್ನು ಎತ್ತಿದವರು ನನ್ನ ಸಹೋದ್ಯೋಗಿಯೇ. 2017ರ 85 ಹಿಡಿತಗಳಿಂದ ಬಂದದ್ದು 655 ಗಜ, ಅಂದರೆ ಹಿಡಿತಕ್ಕೆ ಎಂಟು ಗಜವೂ ಇಲ್ಲ. ನಿಜವಾದ ರಿಸೀವರ್ ಮೈದಾನದ ಆಳಕ್ಕೆ ಓಡಿ ಹತ್ತು, ಹದಿನೈದು ಗಜದ ಚೆಂಡು ಹಿಡಿಯುತ್ತಾನೆ. ಬೆಲ್ ಹಿಡಿದದ್ದರಲ್ಲಿ ಹೆಚ್ಚಿನವು ಬೇರೆ ಯಾರೂ ಸಿಗದಾಗ ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ತಳ್ಳಿದ ಸಣ್ಣ ಎಸೆತಗಳು, ಅವನ್ನು ರಿಸೀವರ್ ಬೆಲೆಗೆ ಕೊಳ್ಳುವುದು ಹೇಗೆ ಎಂದು ಅವರು ಕೇಳಿದರು. ಈ ಮಾತಿನಲ್ಲಿ ಹುರುಳಿದೆ. ನಾನು ಎರಡು ಪೂರ್ಣ ಸಂಬಳ ಕೂಡಿಸದೆ ವರ್ಷಕ್ಕೆ 1.4 ಕೋಟಿಗೆ ಇಳಿದದ್ದು ಇದೇ ಕಾರಣದಿಂದ: ರನ್ನಿಂಗ್ ಬ್ಯಾಕಿನ ಮೇಲ್ಮಟ್ಟದ ಬೆಲೆ ಪೂರ್ತಿ, ಅದರ ಮೇಲೆ ರಿಸೀವರ್ ಜೊತೆಗಿನ ಅಂತರದ ಅರ್ಧ. ಗಜದ ಲೆಕ್ಕ ಹೇಳದ ಸಂಗತಿಯೊಂದೂ ಇದೆ. ಬೆಲ್ ಮೈದಾನದಲ್ಲಿ ಇದ್ದಾಗ ಮುಂದಿನದು ಓಟವೋ ಎಸೆತವೋ ಎಂದು ಎದುರಾಳಿಗೆ ತಿಳಿಯುತ್ತಿರಲಿಲ್ಲ. ಅವರನ್ನು ಹಿಂಬಾಲಿಸಲು ಒಬ್ಬ ಚುರುಕಿನ ರಕ್ಷಕನನ್ನು ಬಿಟ್ಟರೆ ಓಟ ತಡೆಯುವ ಗೋಡೆ ತೆಳ್ಳಗಾಗುತ್ತಿತ್ತು, ದಪ್ಪಗಿನವನನ್ನು ಬಿಟ್ಟರೆ ಬೆಲ್ ಅವನನ್ನು ಬಯಲಿನಲ್ಲಿ ದಾಟುತ್ತಿದ್ದರು. ಅದರ ಲಾಭ ತಂಡದ ಮುಖ್ಯ ರಿಸೀವರ್ ಆಂಟೋನಿಯೊ ಬ್ರೌನ್ ಅವರ ಅಂಕಿಗಳಲ್ಲಿ ಸೇರುತ್ತಿತ್ತೇ ಹೊರತು ಬೆಲ್ ಅವರ ಅಂಕಿಗಳಲ್ಲಿ ಅಲ್ಲ.

ಇನ್ನೊಂದು ವಾದ ನನ್ನನ್ನು ನೋಯಿಸಿತು. ಎರಡು ಸಲ ಅಮಾನತಾದವರು, 2015ರಲ್ಲಿ ಮೊಣಕಾಲು ಕೆಡಿಸಿಕೊಂಡವರು, ವರ್ಷಕ್ಕೆ ನಾನೂರು ಸಲ ಪೆಟ್ಟು ತಿಂದವರು, ಇವರ ಮೇಲೆ ಮುಂದಿನ ವರ್ಷಗಳ ಹಣ ಏಕೆ ಹಾಕಬೇಕು, ಈ ವರ್ಷ ಇನ್ನೂ ನಾನೂರು ಸಲ ಓಡಿಸಿ ಕಳಿಸಿಬಿಡಿ ಎಂಬ ಮಾತು. ಗಾಣಕ್ಕೆ ಕೊಟ್ಟ ಕಬ್ಬಿನ ಲೆಕ್ಕ ಇದು: ರಸ ಇರುವ ತನಕ ಹಿಂಡು, ಸಿಪ್ಪೆಯನ್ನು ಆಚೆ ಎಸೆ. ತಂಡದ ಲೆಕ್ಕಿಗರು ಹೀಗೆ ಯೋಚಿಸಿದರೆ ಅದು ಅವರ ಕೆಲಸವೆನ್ನಬಹುದು. ಹಳದಿ ಟವೆಲ್ ಬೀಸಿ ಆ ಆಟಗಾರನ ಹೆಸರು ಕೂಗಿದ ನಾವು ಆ ಲೆಕ್ಕವನ್ನು ಹಾಗೆಯೇ ಒಪ್ಪಿಕೊಳ್ಳಬೇಕೆಂಬುದು ನನಗೆ ಎಂದೂ ಅರ್ಥವಾಗಲಿಲ್ಲ. ಸ್ಯಾಲರಿ ಕ್ಯಾಪ್ ಎಂಬ ಮಿತಿ ಇದಕ್ಕೆ ಕಾರಣವೆಂದು ಬಲ್ಲೆ. 2018ರಲ್ಲಿ ಪ್ರತಿ ತಂಡಕ್ಕೂ 17.72 ಕೋಟಿ ಡಾಲರಿನ ಮಿತಿ ಇತ್ತು, ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನ ಪಾಲು ಕುಗ್ಗುತ್ತದೆ, ಹಾಗಾಗಿ ಪ್ರತಿ ಅಭಿಮಾನಿಯೂ ತನಗೆ ಅರಿವಿಲ್ಲದೆ ಮಾಲೀಕನ ಕುರ್ಚಿಯಲ್ಲಿ ಕುಳಿತು ಯೋಚಿಸುತ್ತಾನೆ.

ನಾನು ಶಿರಸಿ ಕಡೆಯವನು. ನಮ್ಮ ಅಡಿಕೆ ತೋಟದ ಕೊನೆಕೊಯ್ಲಿಗೆ ಬರುತ್ತಿದ್ದವರಿಗೆ ಉಳಿದ ಕೆಲಸದವರಿಗಿಂತ ಹೆಚ್ಚಿನ ಕೂಲಿ ಇತ್ತು, ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಮರದಿಂದ ಮರಕ್ಕೆ ಜೋಲಿ ಹೊಡೆದು ಸಾಗುವ ಆ ಕೆಲಸ ದೇಹ ಗಟ್ಟಿಯಿರುವ ಕೆಲವೇ ವರ್ಷದ್ದೆಂದು ಎಲ್ಲರಿಗೂ ಗೊತ್ತಿತ್ತು. ಬೆಲ್ ವಿಷಯದಲ್ಲಿ ನನ್ನ ಮನಸ್ಸು ಮೊದಲಿನಿಂದ ಆಟಗಾರನ ಕಡೆ ವಾಲಿದ್ದು ಬಹುಶಃ ಅದನ್ನು ನೋಡಿದ್ದರಿಂದ.

ನನ್ನ ಸಹೋದ್ಯೋಗಿಯ ತಂದೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಆ ಊರಿನ ಫುಟ್‌ಬಾಲ್ ತಂಡದ ಹೆಸರೇ ಉಕ್ಕಿನ ಕೆಲಸಗಾರರದು. ಊರಿನ ಆಚೆ ದಡದ ಹೋಮ್‌ಸ್ಟೆಡ್‌ನಲ್ಲಿ 1892ರ ಜುಲೈ 6ರಂದು, ಕಾರ್ನೆಗಿ ಕಂಪನಿ ಕರೆಸಿದ ಪಿಂಕರ್ಟನ್ ಕಾವಲುಗಾರರಿಗೂ ಕೂಲಿದರಕ್ಕಾಗಿ ಪಟ್ಟು ಹಿಡಿದ ಕೆಲಸಗಾರರಿಗೂ ನದಿಯ ದಡದಲ್ಲಿ ಗುಂಡಿನ ಕಾಳಗವೇ ನಡೆದಿತ್ತು. ಅಂಥ ಊರು ತಕ್ಕ ಬೆಲೆ ಕೇಳಿ ಆಡಲು ಬಾರದೆ ಹೊರಗೆ ಕುಳಿತ ಆಟಗಾರನ ಪರ ನಿಲ್ಲಬಹುದೆಂದು ನಾನು ಎಣಿಸಿದ್ದೆ. ಸಹೋದ್ಯೋಗಿ ಕೊಟ್ಟ ಉತ್ತರ ನನ್ನ ಎಣಿಕೆಯನ್ನು ತಿದ್ದಿತು. ಮುಷ್ಕರವೆಂದರೆ ಎಲ್ಲರೂ ಕೂಡಿ ಹೊರಗೆ ನಿಲ್ಲುವುದು, ಜೊತೆಯವರು ಒಳಗೆ ದುಡಿಯುತ್ತಿರುವಾಗ ಒಬ್ಬನೇ ಹೊರಗೆ ನಿಲ್ಲುವುದಕ್ಕೆ ನಮ್ಮ ತಂದೆ ಬೇರೆ ಹೆಸರಿಡುತ್ತಿದ್ದರು ಎಂದರು ಅವರು. ಆ ವರ್ಷದ ಸೆಪ್ಟೆಂಬರಿನಲ್ಲಿ ಬೆಲ್ ಬಾರದಿದ್ದಾಗ ಅವರಿಗಾಗಿ ದಾರಿ ಮಾಡಿಕೊಡುತ್ತಿದ್ದ ಮುಂಚೂಣಿಯ ಆಟಗಾರರೇ ಬಹಿರಂಗವಾಗಿ ಸಿಟ್ಟು ಹೊರಹಾಕಿದರು. ಅವರ ನೋವು ಸುಳ್ಳಲ್ಲ. ಆದರೆ ಟ್ಯಾಗ್ ಎಂಬುದು ಒಬ್ಬೊಬ್ಬನ ಮೇಲೆ ಬೀಳುವಂಥದ್ದು, ಒಬ್ಬೊಬ್ಬನೇ ಎದುರಿಸಬೇಕಾದದ್ದು.

ಬೆಲ್ ಅವರಿಗೆ ತಂಡ ಕೊನೆಯದಾಗಿ ಒಡ್ಡಿದ್ದು ಐದು ವರ್ಷಕ್ಕೆ 7 ಕೋಟಿ ಡಾಲರ್, ಮೊದಲ ಎರಡು ವರ್ಷದಲ್ಲಿ 3.3 ಕೋಟಿ ಎಂದು ವರದಿಯಾಯಿತು. ಇದು ನನ್ನ ಚೀಟಿಯ ಮೊತ್ತಕ್ಕಿಂತ ಹೆಚ್ಚು. ಊರಿಗೆ ಊರೇ ಈ ಅಂಕಿಯನ್ನು ಹಿಡಿದುಕೊಂಡಿತು: ವರ್ಷಕ್ಕೆ 1.4 ಕೋಟಿ ಒಲ್ಲೆನೆಂದವನಿಗೆ ಇನ್ನೆಷ್ಟು ಬೇಕು? ಆದರೆ ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ಒಪ್ಪಂದದಲ್ಲಿ ಒಟ್ಟು ಮೊತ್ತಕ್ಕೆ ಹೆಚ್ಚಿನ ಅರ್ಥವಿಲ್ಲ. ಆಟಗಾರನನ್ನು ತಂಡ ಯಾವಾಗ ಬೇಕಾದರೂ ಕೈಬಿಡಬಹುದು, ಕೈಬಿಟ್ಟರೆ ಗ್ಯಾರಂಟಿ ಇಲ್ಲದ ಹಣವೆಲ್ಲ ಕಾಗದದಲ್ಲೇ ಉಳಿಯುತ್ತದೆ. ಸ್ಟೀಲರ್ಸ್ ತಂಡಕ್ಕೆ ಆಗ ಹಳೆಯ ಪದ್ಧತಿಯೊಂದಿತ್ತು: ಸಹಿ ಮಾಡುವಾಗ ಕೊಡುವ ಬೋನಸ್ಸಿನ ಹೊರತು, ಮೊದಲ ವರ್ಷದ ಆಚೆಗಿನ ಸಂಬಳಕ್ಕೆ ಗ್ಯಾರಂಟಿ ಕೊಡುತ್ತಿರಲಿಲ್ಲ. ಹಾಗಾಗಿ 3.3 ಕೋಟಿಯ ಎರಡನೇ ವರ್ಷದ ಭಾಗ ಬೆಲ್ ಅವರ ಮೊಣಕಾಲಿನ ಮೇಲೆ ನಿಂತಿತ್ತು, ಐದನೇ ವರ್ಷದ ಹಣವಂತೂ ಯಾರ ಕೈಗೂ ಸೇರದ ಹಣ. ನಾವೆಲ್ಲ ಎಷ್ಟು ಎಂದು ಜಗಳವಾಡುತ್ತಿದ್ದೆವು. ಬೆಲ್ ಕೇಳುತ್ತಿದ್ದದ್ದು ಅದರಲ್ಲಿ ಖಂಡಿತ ಸಿಗುವುದೆಷ್ಟು ಎಂದು. ದೀರ್ಘ ಒಪ್ಪಂದಕ್ಕಿದ್ದ ಜುಲೈ 16ರ ಗಡುವು ಸಹಿಯಿಲ್ಲದೆ ಮುಗಿಯಿತು. ಎಂಟು ದಿನಗಳ ನಂತರ ಲಾಸ್ ಏಂಜಲೀಸ್‌ನ ಟಾಡ್ ಗರ್ಲಿ 6 ಕೋಟಿವರೆಗಿನ ಒಪ್ಪಂದಕ್ಕೆ, 4.5 ಕೋಟಿಯ ಗ್ಯಾರಂಟಿಯೊಡನೆ, ಸಹಿ ಹಾಕಿದರು.

ಬೆಲ್ ಆ ಋತುವಿಡೀ ಬರಲಿಲ್ಲ. ವಾರಕ್ಕೆ ಎಂಟೂವರೆ ಲಕ್ಷ ಡಾಲರಿಗಿಂತ ಹೆಚ್ಚು ಕಳೆದುಕೊಳ್ಳುತ್ತಾ ಆ ವರ್ಷ ಆಡಬೇಕಾದರೆ ಸಹಿ ಹಾಕಲೇಬೇಕಿದ್ದ ನವೆಂಬರ್ 13ರ ಕೊನೆಯ ಗಡುವನ್ನೂ ದಾಟಿಸಿದರು. ಅವರ ಜಾಗಕ್ಕೆ ಬಂದ ಜೇಮ್ಸ್ ಕಾನರ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲೇ ಆಡಿ ಬೆಳೆದವರು, ಅಲ್ಲಿರುವಾಗಲೇ ಕ್ಯಾನ್ಸರ್ ಗೆದ್ದವರು, ಊರಿನ ಅಕ್ಕರೆಯ ಹುಡುಗ. ಹದಿಮೂರು ಪಂದ್ಯದಲ್ಲಿ 973 ಗಜ ಓಡಿದರು, 55 ಸಲ ಚೆಂಡು ಹಿಡಿದರು. ಮೂರನೇ ಸುತ್ತಿನ ಹೊಸಬರಾದ್ದರಿಂದ ಅವರ ಆ ವರ್ಷದ ಸಂಬಳ ಹತ್ತು ಲಕ್ಷ ಡಾಲರಿಗೂ ಕಡಿಮೆ. ನೋಡಿ, ಹದಿನಾಲ್ಕರಲ್ಲಿ ಒಂದು ಪಾಲು ಹಣಕ್ಕೆ ಅದೇ ಕೆಲಸ ಆಗುತ್ತಿದೆ ಎಂದರು ಸಹೋದ್ಯೋಗಿ. ಕಾನರ್ ಅವರ ಆ ಸಂಬಳವೂ ನ್ಯಾಯದ ಬೆಲೆಯಲ್ಲ, ಅವರೂ ಕಟ್ಟಿಹಾಕಿದ ದರದಲ್ಲೇ ಓಡುತ್ತಿದ್ದಾರೆ, ಒಬ್ಬನ ಅಗ್ಗದ ದುಡಿಮೆಯನ್ನು ತೋರಿಸಿ ಇನ್ನೊಬ್ಬನ ಬೇಡಿಕೆಯನ್ನು ಅಳೆಯುವುದು ಸರಿಯಲ್ಲ ಎಂದೆ. ಇಬ್ಬರೂ ಒಪ್ಪಲಿಲ್ಲ. ಹಿಂದಿನ ವರ್ಷ 13 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 9 ಗೆದ್ದು, 6 ಸೋತು, ಒಂದನ್ನು ಸಮ ಮಾಡಿಕೊಂಡು ಪ್ಲೇಆಫ್ ಅವಕಾಶ ಕಳೆದುಕೊಂಡಿತು.

ಮುಂದಿನದು ಬೆಲ್ ಅವರಿಗೆ ಒಳ್ಳೆಯದಾಗಲಿಲ್ಲ. 2019ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ನಾಲ್ಕು ವರ್ಷಕ್ಕೆ 5.25 ಕೋಟಿ ಡಾಲರ್ ಕೊಟ್ಟಿತು, ಗ್ಯಾರಂಟಿ 3.5 ಕೋಟಿ ಎಂದು ವರದಿಯಾಯಿತು. ದುರ್ಬಲ ಮುಂಚೂಣಿಯ ಹಿಂದೆ ಅವರ ಆ ನಿಲುಗಡೆಗೆ ಜಾಗವೇ ಸಿಗಲಿಲ್ಲ, ಓಟಕ್ಕೆ 3.2 ಗಜ. 2020ರ ಅಕ್ಟೋಬರ್‌ನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಪಿಟ್ಸ್‌ಬರ್ಗ್ ಬಿಟ್ಟದ್ದಕ್ಕೆ ತಮಗೆ ವಿಷಾದವಿದೆಯೆಂದು ಅವರೇ ಮುಂದೊಮ್ಮೆ ಹೇಳಿದರು. ಗರ್ಲಿ ಅವರನ್ನೂ ಮೊಣಕಾಲಿನ ತೊಂದರೆಯ ನಂತರ 2020ರ ಮಾರ್ಚ್‌ನಲ್ಲಿ ಬಿಟ್ಟುಬಿಟ್ಟರು. ರನ್ನಿಂಗ್ ಬ್ಯಾಕಿಗೆ ದೊಡ್ಡ ಹಣ ಕೊಡಬಾರದೆಂಬವರಿಗೆ ಈ ಎರಡು ಹೆಸರುಗಳೇ ಪ್ರಮಾಣವಾದವು. ನನ್ನ ದೃಷ್ಟಿಯಲ್ಲಿ ಅವು ಬೇರೆ ಮಾತನ್ನೇ ಹೇಳುತ್ತವೆ: ಗ್ಯಾರಂಟಿ ಕೇಳಿದ್ದು ಎಷ್ಟು ಸರಿಯೆಂದು ಆ ಮೊಣಕಾಲುಗಳೇ ತೋರಿಸಿದವು.

ಬೆಲ್ ಬರೆಯಹೊರಟಿದ್ದ ಸಾಲನ್ನು ಬರೆದವರು ಕ್ರಿಶ್ಚಿಯನ್ ಮೆಕ್ಯಾಫ್ರಿ. 2019ರಲ್ಲಿ ಕ್ಯಾರೊಲಿನಾ ತಂಡಕ್ಕಾಗಿ ಅವರು 1,387 ಗಜ ಓಡಿ, 116 ಹಿಡಿತಗಳಿಂದ 1,005 ಗಜ ಗಳಿಸಿದರು. ಒಂದೇ ಋತುವಿನಲ್ಲಿ ಎರಡೂ ಕಡೆ ಸಾವಿರ ಗಜ ದಾಟಿದವರು ಅವರಿಗೆ ಮೊದಲು ಇಬ್ಬರೇ, 1985ರಲ್ಲಿ ರೋಜರ್ ಕ್ರೇಗ್, 1999ರಲ್ಲಿ ಮಾರ್ಷಲ್ ಫಾಕ್. 2020ರ ಏಪ್ರಿಲ್‌ನಲ್ಲಿ ಅವರಿಗೆ ಸಿಕ್ಕ ನಾಲ್ಕು ವರ್ಷದ ವಿಸ್ತರಣೆ ವರ್ಷಕ್ಕೆ 1.6 ಕೋಟಿಯದು. ಮುಂದಿನ ಎರಡು ಋತುಗಳಲ್ಲಿ ಗಾಯದಿಂದಾಗಿ ಅವರು ಆಡಿದ್ದು ಹತ್ತೇ ಪಂದ್ಯ, ಜನ ತಲೆಯಾಡಿಸಿದರು. 2022ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಅವರನ್ನು ಪಡೆಯಲು ನಾಲ್ಕು ಡ್ರಾಫ್ಟ್ ಆಯ್ಕೆಗಳನ್ನು ಕೊಟ್ಟಿತು. 2023ರಲ್ಲಿ ಅವರು 2,023 ಗಜ ಗಳಿಸಿ ಆ ವರ್ಷದ ಶ್ರೇಷ್ಠ ಆಕ್ರಮಣಕಾರಿ ಆಟಗಾರರಾದರು. 2024ರಲ್ಲಿ ಸಂಬಳವನ್ನು ವರ್ಷಕ್ಕೆ 1.9 ಕೋಟಿಗೆ ಏರಿಸಿದ ಬೆನ್ನಲ್ಲೇ ಮತ್ತೆ ನಾಲ್ಕೇ ಪಂದ್ಯ. ಈ ಏರಿಳಿತವನ್ನು ಮುಂಚೆಯೇ ಊಹಿಸಿ ಬೆಲೆ ಕಟ್ಟಬಲ್ಲ ಸೂತ್ರ ಯಾರ ಬಳಿಯೂ ಇಲ್ಲ, ನನ್ನ ಚೀಟಿಯಲ್ಲೂ ಇರಲಿಲ್ಲ.

ಸಕ್ವಾನ್ ಬಾರ್ಕ್ಲಿ ಅವರ ಕಥೆ ಅದೇ ಜಗಳದ ಇನ್ನೊಂದು ಸುತ್ತು. ಮೊದಲ ವರ್ಷವೇ 91 ಹಿಡಿತ, ಒಟ್ಟು 2,028 ಗಜ. ನಂತರ 2020ರಲ್ಲಿ ಮೊಣಕಾಲಿನ ಕಟ್ಟು ಹರಿಯಿತು. 2023ರಲ್ಲಿ ನ್ಯೂಯಾರ್ಕ್ ಜಯಂಟ್ಸ್ 1.01 ಕೋಟಿಯ ಟ್ಯಾಗ್ ಹಾಕಿತು. ಐದು ವರ್ಷದ ಹಿಂದೆ ಬೆಲ್ ಅವರಿಗಿದ್ದ ಟ್ಯಾಗಿಗಿಂತ ಅದು ಕಡಿಮೆ, ರನ್ನಿಂಗ್ ಬ್ಯಾಕಿನ ಬೆಲೆ ಅಷ್ಟು ಕುಸಿದಿತ್ತು. ಆ ಜುಲೈನಲ್ಲಿ ಲೀಗಿನ ಪ್ರಮುಖ ರನ್ನಿಂಗ್ ಬ್ಯಾಕ್‌ಗಳು ಜೂಮ್‌ನಲ್ಲಿ ಸೇರಿ ಮಾತಾಡಿದರು, ಸದ್ಯಕ್ಕೆ ಮಾಡಬಹುದಾದದ್ದು ಹೆಚ್ಚಿಲ್ಲವೆಂದು ಎದ್ದರು. ಬಾರ್ಕ್ಲಿ ಮರುವರ್ಷ ಫಿಲಡೆಲ್ಫಿಯಾಗೆ ಹೋಗಿ 2,005 ಗಜ ಓಡಿದರು. 2025ರ ಫೆಬ್ರವರಿ 9ರಂದು, ತಮ್ಮ ಇಪ್ಪತ್ತೆಂಟನೆಯ ಹುಟ್ಟುಹಬ್ಬದಂದು, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಮುಂದಿನ ತಿಂಗಳು ವರ್ಷಕ್ಕೆ 2 ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಆದರು. ಎರಡು ವರ್ಷದ 4.12 ಕೋಟಿಯಲ್ಲಿ 3.6 ಕೋಟಿ ಗ್ಯಾರಂಟಿ. ನನ್ನ ಕಣ್ಣು ಮೊದಲು ಹೋದದ್ದು ಆ ಕೊನೆಯ ಅಂಕಿಗೆ.

ಸ್ಟೀಲರ್ಸ್ ತಂಡವೂ ತನ್ನ ಪದ್ಧತಿಯನ್ನು ಮುರಿಯಿತು, ಆದರೆ ಬೇರೊಬ್ಬರಿಗಾಗಿ. 2021ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಆಟಗಾರ ಟಿ. ಜೆ. ವಾಟ್ ಅವರ 11.2 ಕೋಟಿಯ ಒಪ್ಪಂದದಲ್ಲಿ 8 ಕೋಟಿಗೆ ಪೂರ್ಣ ಗ್ಯಾರಂಟಿ ಬರೆದುಕೊಟ್ಟರು. ಸುದ್ದಿ ಬಂದ ದಿನ ಸಹೋದ್ಯೋಗಿ ಫೋನ್ ಮಾಡಿದರು. ನಿಮ್ಮ ಚೀಟಿ ಇನ್ನೂ ಇದೆಯೇ, ಇದೇ ಗ್ಯಾರಂಟಿಯನ್ನು ಆಗ ಬೆಲ್ ಅವರಿಗೆ ಕೊಟ್ಟಿದ್ದರೆ ಅವರು ಇಲ್ಲೇ ಉಳಿಯುತ್ತಿದ್ದರಲ್ಲವೇ ಎಂದು ಕೇಳಿದರು. ಉಳಿಯುತ್ತಿದ್ದರೆಂದೇ ನನ್ನ ನಂಬಿಕೆ ಎಂದೆ. ಹಾಗಾದರೆ ಜೆಟ್ಸ್‌ನಲ್ಲಿ ಕಂಡ ಆ 3.2 ಗಜವನ್ನು ನಾವು ಇಲ್ಲಿ ನೋಡಬೇಕಾಗುತ್ತಿತ್ತೇನೋ ಎಂದರು. ಅದಕ್ಕೂ ಹೌದೆಂದೆ. ಫೋನ್ ಇಟ್ಟ ಮೇಲೆ ಚೀಟಿಯನ್ನು ಹುಡುಕಿ ತೆಗೆದು, ನನ್ನ ಬದಿಯನ್ನು ಮತ್ತೆ ಓದಿದೆ. ನಾಲ್ಕು ವರ್ಷ, 5.6 ಕೋಟಿ, ಮೊದಲ ಎರಡು ವರ್ಷದ ಹಣ ಏನೇ ಆದರೂ ಅವರದು. ಇಂದು ಬರೆದರೂ ಆ ಸಾಲನ್ನು ಹಾಗೆಯೇ ಬರೆಯುತ್ತೇನೆ, ಮೂರನೇ ವರ್ಷಕ್ಕೆ ಮಾತ್ರ ಇಂದಿಗೂ ಗ್ಯಾರಂಟಿ ಬರೆಯುವುದಿಲ್ಲ.